ಕ್ಯಾನ್ಸರ್ ಪೀಡಿತ ಮಕ್ಕಳಿಗಾಗಿ ನಮ್ಮ ನಡಿಗೆ: ಏಕೆ? ಹೇಗೆ?

(ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ಮತ್ತು ಚಿಂತಾಮಣಿ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಳಿಗ್ಗೆ ಎದ್ದು ಡೇರಿಗೆ ಹಾಲು ಹಾಕಿ, ಮಕ್ಕಳನ್ನು ಶಾಲೆಗೆ ಕಳಿಸಿ, ಎರಡು ಬಸ್ಸು ಬದಲಾಯಿಸಿ ಇಲ್ಲಿಗೆ ಬಂದಿದ್ದೀರಿ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇವೆ.

ಫೆಬ್ರವರಿ 15 ಅಂತರರಾಷ್ಟ್ರೀಯ ಮಕ್ಕಳ ಕ್ಯಾನ್ಸರ್ ದಿನ. ಆ ದಿನ ಚಿಂತಾಮಣಿ ತಲುಪುವ ಹಾಗೆ, ಫೆಬ್ರವರಿ 11ರ ಬೆಳಿಗ್ಗೆ ಗೌರಿಬಿದನೂರಿನಿಂದ ಹೊರಟು, ಮಂಚೇನಹಳ್ಳಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟದ ಮೇಲೆ ಐದು ದಿನ ನಡೆಯುವುದೆಂದು ನಮ್ಮ ಒಕ್ಕೂಟ ತೀರ್ಮಾನ ಮಾಡಿದೆ. ನಾಲ್ಕೂ ಊರುಗಳನ್ನು ಸೇರಿಸುವುದು ಒಂದೇ ರಸ್ತೆ, ರಾಷ್ಟ್ರೀಯ ಹೆದ್ದಾರಿ 69. ಒಟ್ಟು ದೂರ ಸುಮಾರು 80 ಕಿಲೋಮೀಟರ್.

ತೀರ್ಮಾನ ಆದ ದಿನವೇ ಒಬ್ಬ ಅಕ್ಕ ಎದ್ದು ಕೇಳಿದರು: "ಸಿಸ್ಟರ್, ಬಸ್ಸು ಇರೋವಾಗ ಯಾಕೆ ನಡೀಬೇಕು? ಎಲ್ರೂ ನೂರು ನೂರು ರೂಪಾಯಿ ಹಾಕಿ ಆಸ್ಪತ್ರೆಗೆ ಕೊಟ್ಬಿಟ್ರೆ ಆಗಲ್ವಾ?" ಬಹಳ ಒಳ್ಳೆಯ ಪ್ರಶ್ನೆ. ಸರಿಯಾದ ಉತ್ತರ ಇಲ್ಲದೆ ಹೊರಟರೆ ಐದು ದಿನ ಬಿಸಿಲು ಕುಡಿದು, ಫೋಟೋ ತೆಗೆಸಿಕೊಂಡು ಮನೆಗೆ ಬರುತ್ತೇವೆ ಅಷ್ಟೇ. ಇವತ್ತಿನ ನಮ್ಮ ಮಾತು ಆ ಪ್ರಶ್ನೆಗೆ ಉತ್ತರ.

ಈ ಕಾಯಿಲೆ ವಾಸಿಯಾಗುತ್ತದೆಯೇ?

ಆಗುತ್ತದೆ. ಇದನ್ನು ಮೊದಲು ನಾವು ನಂಬಬೇಕು, ಆಮೇಲೆ ಊರಿಗೆ ಹೇಳಬೇಕು.

ದೊಡ್ಡವರ ಕ್ಯಾನ್ಸರ್ ಬೇರೆ, ಮಕ್ಕಳ ಕ್ಯಾನ್ಸರ್ ಬೇರೆ. ಮಕ್ಕಳಿಗೆ ಹೆಚ್ಚಾಗಿ ಬರುವುದು ರಕ್ತದ ಕ್ಯಾನ್ಸರ್. ಮಿದುಳಿನ ಗೆಡ್ಡೆ, ದುಗ್ಧಗ್ರಂಥಿಗಳ ಕ್ಯಾನ್ಸರ್, ಕಿಡ್ನಿ, ಮೂಳೆ, ಕಣ್ಣಿನ ಕ್ಯಾನ್ಸರ್‌ಗಳೂ ಉಂಟು. ಬೀಡಿ, ತಂಬಾಕು, ಕುಡಿತ ಇವಕ್ಕೂ ಮಗುವಿನ ಕಾಯಿಲೆಗೂ ಸಂಬಂಧ ಹುಡುಕಬೇಡಿ. ಇದು ತಾಯಿಯ ತಪ್ಪಲ್ಲ, ಯಾರ ಶಾಪವೂ ಅಲ್ಲ, ಗ್ರಹಣ ನೋಡಿದ್ದರಿಂದ ಬಂದದ್ದೂ ಅಲ್ಲ. ಒಟ್ಟಿಗೆ ಕೂತು ಉಂಡರೆ, ಒಂದೇ ಬೆಂಚಿನಲ್ಲಿ ಕೂತರೆ ಅಂಟುವುದಿಲ್ಲ.

ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ಮಕ್ಕಳಿಗೆ, ಹದಿಹರೆಯದವರಿಗೆ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಶ್ರೀಮಂತ ದೇಶಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಕ್ಕಳು ಗುಣವಾಗುತ್ತಾರೆ. ಬಡ ದೇಶಗಳು ಅನೇಕದರಲ್ಲಿ ಮೂವತ್ತು ಮಕ್ಕಳೂ ಉಳಿಯುವುದಿಲ್ಲ. 2030ರ ಹೊತ್ತಿಗೆ ಎಲ್ಲ ಕಡೆ ಕನಿಷ್ಠ ಅರವತ್ತಾದರೂ ಮಕ್ಕಳು ಉಳಿಯಬೇಕು ಎಂದು ಅದೇ ಸಂಸ್ಥೆ 2018ರಲ್ಲಿ ಗುರಿ ಇಟ್ಟಿತು. ಕಾಯಿಲೆ ಅಲ್ಲೂ ಅದೇ, ಇಲ್ಲೂ ಅದೇ. ಬಹಳಷ್ಟು ಔಷಧಿಗಳೂ ಅವೇ. ಹಾಗಾದರೆ ಇಷ್ಟು ವ್ಯತ್ಯಾಸ ಏಕೆ?

ಔಷಧಿಯ ಮಾತು ಬಂದದ್ದರಿಂದ ಒಂದು ವಿಷಯ ಹೇಳಲೇಬೇಕು. 1947ರವರೆಗೆ ರಕ್ತದ ಕ್ಯಾನ್ಸರ್ ಬಂದ ಮಗು ಕೆಲವು ವಾರ ಅಥವಾ ತಿಂಗಳಲ್ಲಿ ತೀರಿಕೊಳ್ಳುತ್ತಿತ್ತು. 1947-48ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಡಾ. ಸಿಡ್ನಿ ಫಾರ್ಬರ್ ಎಂಬ ವೈದ್ಯರು ಅಮಿನಾಪ್ಟೆರಿನ್ ಎಂಬ ಹೊಸ ಔಷಧಿ ಕೊಟ್ಟು ನೋಡಿದರು. ಹದಿನಾರು ಮಕ್ಕಳಲ್ಲಿ ಹತ್ತು ಮಕ್ಕಳು ಕೆಲಕಾಲ ಚೇತರಿಸಿಕೊಂಡರು. ಆ ಔಷಧಿಯನ್ನು ತಯಾರಿಸಿದ ಪ್ರಯೋಗಾಲಯದ ಮುಖ್ಯಸ್ಥರು ಡಾ. ಯಲ್ಲಾಪ್ರಗಡ ಸುಬ್ಬರಾವ್, ಆಂಧ್ರದ ಭೀಮಾವರಂನಲ್ಲಿ ಹುಟ್ಟಿದವರು. ಚಿಂತಾಮಣಿ, ಗೌರಿಬಿದನೂರು ಕಡೆ ಮನೆಯಲ್ಲಿ ತೆಲುಗು ಆಡುವ ನಮ್ಮ ಅಕ್ಕಂದಿರು ಇದನ್ನು ಹೆಮ್ಮೆಯಿಂದ ಹೇಳಬಹುದು. ಅದೇ ಗುಂಪಿನ ಮೆಥೋಟ್ರೆಕ್ಸೇಟ್ ಎಂಬ ಔಷಧಿಯನ್ನು ಇವತ್ತಿಗೂ ನಮ್ಮ ಮಕ್ಕಳಿಗೆ ಕೊಡುತ್ತಿದ್ದಾರೆ.

ಎಲ್ಲಿ ಕಡಿದುಹೋಗುತ್ತದೆ?

ಈಗ ವ್ಯತ್ಯಾಸದ ಕಾರಣಕ್ಕೆ ಬರೋಣ. ಒಂದು, ಕಾಯಿಲೆ ಗೊತ್ತಾಗುವುದು ತಡ. ಎರಡು, ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು. ಈ ಎರಡನೆಯದು ನಮ್ಮ ಕೈಯಲ್ಲಿರುವ ಕೆಲಸ.

ಮಕ್ಕಳ ರಕ್ತದ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ಎರಡರಿಂದ ಮೂರು ವರ್ಷ ಚಿಕಿತ್ಸೆ. ಮೊದಲ ಕೆಲವು ತಿಂಗಳು ವಾರಕ್ಕೊಂದು ಸಲ, ಕೆಲವೊಮ್ಮೆ ಎರಡು ಮೂರು ಸಲ ಆಸ್ಪತ್ರೆಗೆ ಹೋಗಬೇಕು. ಆಮೇಲೆ ಮನೆಯಲ್ಲೇ ಮಾತ್ರೆ, ನಡುನಡುವೆ ರಕ್ತ ಪರೀಕ್ಷೆ. ಮೊದಲ ತಿಂಗಳು ಮುಗಿಯುವ ಹೊತ್ತಿಗೆ ಹೆಚ್ಚಿನ ಮಕ್ಕಳಿಗೆ ಜ್ವರ ಬಿಟ್ಟಿರುತ್ತದೆ, ರಕ್ತ ಸುಧಾರಿಸಿರುತ್ತದೆ. ಮಗು ಆಡಲು ಶುರು ಮಾಡುತ್ತದೆ. ಅಪಾಯ ಇರುವುದು ಅಲ್ಲೇ.

ನಾವು ಕಂಡ ಒಂದು ಮನೆ ಶಿಡ್ಲಘಟ್ಟ ತಾಲ್ಲೂಕಿನದು. ಊರು, ಹೆಸರು ಬೇಡ. ಗಂಡುಮಗು, ಇನ್ನೂ ಶಾಲೆಗೆ ಸೇರಿದ ವರ್ಷ. ಮೊದಲ ಸುತ್ತಿನ ಚಿಕಿತ್ಸೆ ಚೆನ್ನಾಗಿ ಆಯಿತು. ಮನೆಗೆ ಬಂದಾಗ ಹುಳು ನಾಲ್ಕನೇ ಜ್ವರ ಎದ್ದಿತ್ತು. ಸೊಪ್ಪು ಕೊಯ್ಯಲು ಆಳಿಲ್ಲ, ಮೇಲೆ ಸಾಲ. "ಮಗು ಚೆನ್ನಾಗವ್ನೆ ಸಿಸ್ಟರ್, ಆಡ್ತವ್ನೆ. ಈ ಬೆಳೆ ತಗ್ದು ಗೂಡು ಮಾರಿ ಹೋಗ್ತೀವಿ" ಅಂದರು ತಂದೆ. ಆ ಬೆಳೆ ಆಯಿತು. ಗೂಡಿನ ದುಡ್ಡು ಸಾಲಕ್ಕೆ ಹೋಯಿತು. ಹೋಗಿಬರುವ ಖರ್ಚಿಗೆ ಮತ್ತೆ ಸಾಲ ಕೇಳಲು ಮುಖವಿಲ್ಲ. ಒಂದು ಸಲ ತಪ್ಪಿದ್ದು ನಾಲ್ಕು ತಿಂಗಳಾಯಿತು. ಮತ್ತೆ ಹೋದಾಗ ಕಾಯಿಲೆ ಮರಳಿತ್ತು. ಎರಡನೇ ಸಲ ಔಷಧಿ ಹಿಡಿಯಲಿಲ್ಲ. ಆ ಮಗು ಈಗ ಇಲ್ಲ.

ಆ ತಂದೆತಾಯಿಯನ್ನು ಯಾರೂ ದೂರಬೇಡಿ. ಅವರಿಗೆ ಮಗುವಿನ ಮೇಲೆ ಪ್ರೀತಿ ಕಡಿಮೆ ಇರಲಿಲ್ಲ. ಕೈಯಲ್ಲಿ ದುಡ್ಡಿರಲಿಲ್ಲ, ಮನೆ ನೋಡಿಕೊಳ್ಳುವವರಿರಲಿಲ್ಲ, ಮಗು ಆಡುವುದನ್ನು ಕಂಡು ಮನಸ್ಸು ಸಮಾಧಾನಪಟ್ಟಿತು.

ಈಗ ರೇಷ್ಮೆ ಮನೆಗಳಿಗೆ ಹೋದಾಗ ನಾವು ಹೀಗೆ ಹೇಳುತ್ತೇವೆ. ನಾಲ್ಕನೇ ಜ್ವರ ಎದ್ದ ಹುಳು ನೋಡಲು ದಪ್ಪವಾಗಿ, ಲವಲವಿಕೆಯಿಂದ ಇರುತ್ತದೆ. ಚೆನ್ನಾಗಿದೆ ಅಂತ ಸೊಪ್ಪು ನಿಲ್ಲಿಸುತ್ತೀರಾ? ಹೆಚ್ಚು ಸೊಪ್ಪು ಬೇಕಾಗಿರುವುದೇ ಆ ಕೊನೇ ವಾರ. ನಿಲ್ಲಿಸಿದರೆ ಹುಳು ಹಣ್ಣಾಗುವುದಿಲ್ಲ, ಗೂಡು ಕಟ್ಟುವುದಿಲ್ಲ. ಮಗುವಿನ ಚಿಕಿತ್ಸೆಯೂ ಹಾಗೇ. ಕಣ್ಣಿಗೆ ಚೆನ್ನಾಗಿ ಕಂಡರೂ ಒಳಗೆ ಕೆಲಸ ಮುಗಿದಿರುವುದಿಲ್ಲ. ಡಾಕ್ಟರು "ಸಾಕು" ಅನ್ನುವ ತನಕ ನಿಲ್ಲಿಸುವಂತಿಲ್ಲ. ಈ ಮಾತು ನಮ್ಮ ಕಡೆಯ ರೈತರಿಗೆ ಒಂದೇ ಸಲಕ್ಕೆ ಅರ್ಥವಾಗುತ್ತದೆ.

ಯೋಜನೆ ಇದೆಯಲ್ಲ, ಮತ್ತೇಕೆ ಹಣ?

ಇದೂ ಸರಿಯಾದ ಪ್ರಶ್ನೆಯೇ. 2018ರಿಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿ.ಪಿ.ಎಲ್. ಪಡಿತರ ಚೀಟಿ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಬೆಂಗಳೂರಿನಲ್ಲಿ 1973ರಲ್ಲಿ ಪ್ರಾರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಇದೆ. ಅಲ್ಲಿ ಮಕ್ಕಳಿಗೇ ಬೇರೆ ವಿಭಾಗ ಇದೆ, ಆವರಣದಲ್ಲಿ ಧರ್ಮಶಾಲೆಯೂ ಇದೆ. ಕ್ಯಾನ್ಸರ್ ರೋಗಿಗೆ, ಜೊತೆಗೆ ಹೋಗುವ ಒಬ್ಬರಿಗೆ ರೈಲಿನಲ್ಲಿ ರಿಯಾಯಿತಿ ಇದೆ. ಅದಕ್ಕೆ ಆಸ್ಪತ್ರೆಯಿಂದ ನಿಗದಿತ ನಮೂನೆಯ ಪ್ರಮಾಣಪತ್ರ ತರಬೇಕು. ನಮ್ಮ ನಾಲ್ಕೂ ಊರುಗಳಲ್ಲಿ ರೈಲು ನಿಲ್ದಾಣ ಇರುವುದರಿಂದ ಇದು ಉಪಯೋಗಕ್ಕೆ ಬರುವ ಸೌಲಭ್ಯ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸು ಉಚಿತ. ಇವೆಲ್ಲವನ್ನೂ ಪೂರ್ತಿ ಉಪಯೋಗಿಸಿಕೊಳ್ಳಬೇಕು. ಇರುವ ಸೌಲಭ್ಯ ಬಿಟ್ಟು ಚಂದಾ ಎತ್ತುವುದು ಸರಿಯಲ್ಲ.

ಆದರೆ ಯೋಜನೆಯ ಕಾಗದದಲ್ಲಿ ಇಲ್ಲದ ಖರ್ಚುಗಳಿವೆ. ತಾಯಿಗೆ ಟಿಕೆಟ್ ಇಲ್ಲ, ತಂದೆಗೆ ಇದೆ. ಸರ್ಕಾರಿ ಬಸ್ಸು ಇಲ್ಲದ ಹೊತ್ತಿನಲ್ಲಿ ಖಾಸಗಿ ಬಸ್ಸು ಹತ್ತಿದರೆ ತಾಯಿಗೂ ಇದೆ. ಮಗುವಿನ ರಕ್ತದಲ್ಲಿ ಬಿಳಿಕಣ ಇಳಿದಿರುವಾಗ ನೂಕುನುಗ್ಗಲಿನ ಬಸ್ಸೇ ಆಗದು, ಆಟೋ ಅಥವಾ ಕಾರು ಬೇಕು. ಕೂಲಿ ಹೋಗುತ್ತದೆ. ಮನೆಯಲ್ಲಿ ಉಳಿದ ಮಕ್ಕಳನ್ನು ನೋಡುವವರಿಲ್ಲ. ಮಗುವಿಗೆ ಮೊಟ್ಟೆ, ಹಾಲು, ಬೇಳೆ ಬೇಕು, ಬರೀ ಅನ್ನ ಸಾರಿನಲ್ಲಿ ಆ ಔಷಧಿ ತಡೆದುಕೊಳ್ಳುವುದು ಕಷ್ಟ. ಚಿಕಿತ್ಸೆ ನಡೆಯುವಾಗ ರಾತ್ರಿ ಹೊತ್ತು ಜ್ವರ ಬಂದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ, ಕೂಡಲೇ ಆಸ್ಪತ್ರೆ ಸೇರಬೇಕು. ಹಳ್ಳಿಯಲ್ಲಿ ರಾತ್ರಿ ಹನ್ನೆರಡಕ್ಕೆ ಗಾಡಿ ಯಾರು ಕೊಡುತ್ತಾರೆ? 108 ಇದೆ, ನಿಜ. ಅದು ಬೇರೆ ಕರೆಗೆ ಹೋಗಿದ್ದರೆ?

ನಮ್ಮ ನಡಿಗೆಯ ಹಣ ಇಂಥವಕ್ಕೇ: ಪ್ರಯಾಣ, ಊಟ, ಪೌಷ್ಟಿಕ ಆಹಾರ, ರಾತ್ರಿ ಗಾಡಿ. ಕಾಯಿಲೆಯ ಮುಂದೆ ಇವು ಸಣ್ಣ ಖರ್ಚುಗಳಂತೆ ಕಾಣುತ್ತವೆ. ಚಿಕಿತ್ಸೆ ಕಡಿದುಹೋಗುವುದು ಈ ಸಣ್ಣ ಖರ್ಚುಗಳಲ್ಲೇ.

ಹಾಗಾದರೆ ನಡೆಯುವುದು ಏಕೆ?

ಮೊದಲನೆಯ ಕಾರಣ, ಬಸ್ಸು ಹಳ್ಳಿ ಹಳ್ಳಿಯಲ್ಲಿ ನಿಂತು ಮಾತನಾಡುವುದಿಲ್ಲ. ನಡೆಯುವವರು ನೀರಿಗೆ ನಿಲ್ಲುತ್ತಾರೆ, ನೆರಳಿಗೆ ನಿಲ್ಲುತ್ತಾರೆ. "ಎಲ್ಲಿಗಮ್ಮ ಹೊರಟ್ರಿ?" ಅಂತ ಜನ ತಾವಾಗಿ ಕೇಳುತ್ತಾರೆ. ತಿರುಪತಿಗೆ ನಡೆದು ಹೋಗುವವರನ್ನು, ವೇಳಾಂಕಣಿಗೆ ನಡೆಯುವವರನ್ನು ನಮ್ಮ ಜನ ಕಂಡಿದ್ದಾರೆ. ಮಜ್ಜಿಗೆ ಕೊಟ್ಟು ಕಳಿಸಿದ್ದಾರೆ. ನಡೆಯುವವರ ಮಾತಿಗೆ ನಮ್ಮಲ್ಲಿ ಬೆಲೆ ಇದೆ. ಆಗ ನಾವು ಹೇಳಬೇಕಾದದ್ದು ಆರು ಲಕ್ಷಣಗಳು, ಬಾಯಿಪಾಠ ಮಾಡಿಕೊಳ್ಳಿ:

1. ಕಾರಣ ಗೊತ್ತಾಗದೆ ಎರಡು ವಾರಕ್ಕೂ ಮೀರಿದ ಜ್ವರ, ತೂಕ ಇಳಿಯುವುದು.
2. ಮೈ ಬಿಳಿಚಿಕೊಳ್ಳುವುದು, ಪೆಟ್ಟಿಲ್ಲದೆ ನೀಲಿ ಕಲೆ, ಮೂಗು ವಸಡಿನಲ್ಲಿ ರಕ್ತ.
3. ಕುತ್ತಿಗೆ, ಕಂಕುಳು, ಹೊಟ್ಟೆಯಲ್ಲಿ ಗಂಟು ಅಥವಾ ಊತ.
4. ರಾತ್ರಿ ಎಬ್ಬಿಸುವಂಥ ಮೂಳೆ ನೋವು, ಕುಂಟುವುದು.
5. ಬೆಳಿಗ್ಗೆ ಎದ್ದಾಗ ತಲೆನೋವು, ವಾಂತಿ.
6. ಕಣ್ಣಿನ ಪಾಪೆಯಲ್ಲಿ ಬಿಳಿ ಹೊಳಪು, ಹೊಸದಾಗಿ ಬಂದ ಮೆಳ್ಳೆಗಣ್ಣು.

ಇವು ಇದ್ದ ಮಕ್ಕಳಿಗೆಲ್ಲ ಕ್ಯಾನ್ಸರ್ ಎಂದಲ್ಲ. ಬಹಳ ಮಕ್ಕಳಿಗೆ ಬೇರೆ ಕಾರಣ ಇರುತ್ತದೆ. ಹೆದರಿಸಬೇಡಿ, ಆದರೆ ಜಿಲ್ಲಾ ಆಸ್ಪತ್ರೆಗೆ ಕಳಿಸದೆ ಬಿಡಬೇಡಿ. ಕಣ್ಣಿನ ಬಿಳಿ ಹೊಳಪನ್ನು ಬೇಗ ತೋರಿಸಿದರೆ ಜೀವ ಉಳಿಯುತ್ತದೆ, ಎಷ್ಟೋ ಸಲ ದೃಷ್ಟಿಯೂ ಉಳಿಯುತ್ತದೆ.

ಎರಡನೆಯ ಕಾರಣ, ಸಣ್ಣ ಹಣ. ಕೆನಡಾ ದೇಶದ ಟೆರ್ರಿ ಫಾಕ್ಸ್ ಎಂಬ ಹುಡುಗನಿಗೆ 1977ರಲ್ಲಿ, ಹದಿನೆಂಟನೇ ವಯಸ್ಸಿನಲ್ಲಿ, ಮೂಳೆ ಕ್ಯಾನ್ಸರಿನಿಂದ ಬಲಗಾಲು ತೆಗೆದರು. ಆಸ್ಪತ್ರೆಯಲ್ಲಿ ತನಗಿಂತ ಚಿಕ್ಕ ಮಕ್ಕಳು ನರಳುವುದನ್ನು ಕಂಡಿದ್ದ. 1980ರ ಏಪ್ರಿಲ್ 12ರಂದು ಕೃತಕ ಕಾಲು ಕಟ್ಟಿಕೊಂಡು ದೇಶದ ಒಂದು ತುದಿಯಿಂದ ಓಡಲು ಶುರು ಮಾಡಿದ. ದಿನಕ್ಕೆ ಸುಮಾರು 42 ಕಿಲೋಮೀಟರ್. 143 ದಿನ, 5,373 ಕಿಲೋಮೀಟರ್ ಆದಾಗ ಕಾಯಿಲೆ ಶ್ವಾಸಕೋಶಕ್ಕೆ ಹರಡಿ, ಸೆಪ್ಟೆಂಬರ್ 1ರಂದು ನಿಲ್ಲಬೇಕಾಯಿತು. 1981ರ ಜೂನ್ 28ರಂದು ತೀರಿಕೊಂಡ. ಅವನು ಕೇಳಿದ್ದು ಒಬ್ಬೊಬ್ಬ ಪ್ರಜೆಯಿಂದ ಒಂದೊಂದು ಡಾಲರ್. ಅವನು ಬದುಕಿರುವಾಗಲೇ, 1981ರ ಫೆಬ್ರವರಿಯಲ್ಲಿ, ದೇಶದ ಜನಸಂಖ್ಯೆಯಷ್ಟು ಡಾಲರ್, ಅಂದರೆ ಎರಡು ಕೋಟಿ ನಲವತ್ತು ಲಕ್ಷ ಮೀರಿ ಬಂದಿತ್ತು.

ನಾವೂ ಹಾಗೇ ಕೇಳೋಣ, ಕಿಲೋಮೀಟರಿಗೆ ಒಂದು ರೂಪಾಯಿ. 80 ಕಿಲೋಮೀಟರಿಗೆ ಒಂದು ಮನೆಯಿಂದ 80 ರೂಪಾಯಿ. ನಡೆಯುವವರು ಒಬ್ಬೊಬ್ಬರು ಹತ್ತು ಮನೆಯಿಂದ ಒಪ್ಪಿಗೆ ತಂದರೆ 800. ನೂರು ಜನ ನಡೆದರೆ 80,000 ರೂಪಾಯಿ. ಯಾರ ಮನೆಗೂ ಹೊರೆಯಲ್ಲ.

ಮೂರನೆಯದು ನಮಗೆ ಎಲ್ಲಕ್ಕಿಂತ ಮುಖ್ಯ. ಕಾಯಿಲೆಯನ್ನು ಬಚ್ಚಿಟ್ಟುಕೊಂಡ ಮನೆಗಳಿವೆ. ದೊಡ್ಡ ಮಗಳ ಮದುವೆಗೆ ತೊಂದರೆ ಆದೀತು, ಊರು ಏನಂದೀತು ಎಂಬ ಭಯ. ಊರಿನ ಹೆಂಗಸರೇ ಈ ಮಕ್ಕಳಿಗಾಗಿ ನಡೆದು ಹೋಗುವುದನ್ನು ಕಂಡರೆ ಒಬ್ಬ ತಾಯಿಯಾದರೂ ಬಾಗಿಲು ತೆಗೆದು ಹೊರಗೆ ಬರುತ್ತಾಳೆ. ನಾವು ಐದು ದಿನ ನಡೆಯುವ 80 ಕಿಲೋಮೀಟರ್ ಅಂದರೆ ಹೆಚ್ಚುಕಡಿಮೆ ಗೌರಿಬಿದನೂರಿನಿಂದ ಬೆಂಗಳೂರಿಗೆ ಇರುವ ದೂರ. ಆ ತಾಯಿ ಅಷ್ಟು ದೂರವನ್ನು ನಿತ್ರಾಣದ ಮಗುವನ್ನು ಮಡಿಲಲ್ಲಿಟ್ಟುಕೊಂಡು ಬೆಳಿಗ್ಗೆ ಹೋಗಿ ರಾತ್ರಿ ಬರುತ್ತಾಳೆ. ಅದೂ ಎರಡು ವರ್ಷ, ಎರಡೂವರೆ ವರ್ಷ. "ನಿನ್ನ ದಾರಿ ನಮಗೆ ಗೊತ್ತು, ತಾಯಿ" ಅಂತ ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ರೀತಿ ನಮಗೆ ಕಾಣಲಿಲ್ಲ.

ಸಿದ್ಧತೆ ಹೇಗೆ?

ಹೊಲದಲ್ಲಿ ದಿನವಿಡೀ ಓಡಾಡುವವರಿಗೆ ನಡಿಗೆ ಏನು ಮಹಾ ಅನ್ನಬೇಡಿ. ಟಾರು ರಸ್ತೆಯ ಮೇಲೆ ದಿನಕ್ಕೆ ಹದಿನೈದು ಇಪ್ಪತ್ತು ಕಿಲೋಮೀಟರ್, ಐದು ದಿನ ಬಿಡದೆ ನಡೆಯುವುದು ಬೇರೆ. ಆರು ವಾರ ಮುಂಚೆ ಶುರು ಮಾಡಿ. ಮೊದಲ ವಾರ ದಿನಕ್ಕೆ ಮೂರು ಕಿಲೋಮೀಟರ್, ವಾರದಲ್ಲಿ ನಾಲ್ಕು ದಿನ. ವಾರ ವಾರ ಸ್ವಲ್ಪ ಸ್ವಲ್ಪ ಹೆಚ್ಚಿಸಿ, ಕೊನೆಗೆ ಒಂದು ದಿನ ಹದಿನೈದು ಕಿಲೋಮೀಟರ್ ನಡೆದು ನೋಡಿ. ಹವಾಯಿ ಚಪ್ಪಲಿ ಬೇಡ. ಹೊಸ ಬೂಟೂ ಬೇಡ. ಒಂದು ತಿಂಗಳಾದರೂ ಹಾಕಿ ಪಳಗಿಸಿದ ಬೂಟು, ಹತ್ತಿಯ ಕಾಲುಚೀಲ ಇರಲಿ. ಗುಳ್ಳೆ ಎದ್ದರೆ ಒಡೆಯಬೇಡಿ. ಸಕ್ಕರೆ ಕಾಯಿಲೆ, ಬಿ.ಪಿ. ಇರುವವರು ಡಾಕ್ಟರ ಮಾತು ಕೇಳಿಕೊಂಡೇ ಹೆಸರು ಕೊಡಿ. ಐದು ದಿನವೂ ಆಗದವರು ತಮ್ಮ ತಾಲ್ಲೂಕಿನ ಒಂದು ದಿನ ಬನ್ನಿ.

ಬೆಳಿಗ್ಗೆ ಬೆಳಕು ಹರಿಯುತ್ತಲೇ ಹೊರಟು ಬಿಸಿಲೇರುವ ಮೊದಲು ಹೆಚ್ಚಿನ ದೂರ ಮುಗಿಸೋಣ, ಉಳಿದದ್ದು ಸಂಜೆ. ರಾಗಿ ಅಂಬಲಿ, ಮಜ್ಜಿಗೆ, ಉಪ್ಪು ನಿಂಬೆಹಣ್ಣಿನ ಪಾನಕ ನಮ್ಮ ಸಂಘಗಳೇ ದಾರಿಯಲ್ಲಿ ಇಡುತ್ತವೆ. ಹೆದ್ದಾರಿಯಲ್ಲಿ ಬಲಬದಿಗೆ, ಎದುರು ಬರುವ ಗಾಡಿ ಕಾಣುವಂತೆ, ಸಾಲಾಗಿ ನಡೆಯಬೇಕು. ಪೋಲೀಸರಿಗೆ ಮುಂಚೆಯೇ ಪತ್ರ ಕೊಡುತ್ತೇವೆ. ಯಾರು ಮುಂದೆ ಎಂಬ ಪಂದ್ಯ ಬೇಡ. ಎಲ್ಲರಿಗಿಂತ ನಿಧಾನ ನಡೆಯುವವರ ವೇಗವೇ ಎಲ್ಲರ ವೇಗ.

ನಾಲ್ಕು ಕಟ್ಟುಪಾಡು

ಒಂದು. ಕಾಯಿಲೆಯ ಮಗುವಿನ ಫೋಟೋ ಬ್ಯಾನರಿನಲ್ಲಿ ಹಾಕುವಂತಿಲ್ಲ, ಹೆಸರು ಮೈಕಿನಲ್ಲಿ ಹೇಳುವಂತಿಲ್ಲ. ಕೂದಲು ಉದುರಿದ ಮಗುವನ್ನು ವೇದಿಕೆಗೆ ಕರೆದು ಹಾರ ಹಾಕುವುದು ಬೇಡ. ಅದಕ್ಕೆ ಜನಜಂಗುಳಿಯಿಂದ ಸೋಂಕು ತಗಲಬಹುದು. ನಾಳೆ ಗುಣವಾಗಿ ಶಾಲೆಗೆ ಹೋಗುವಾಗ ಊರೆಲ್ಲ ಅದೇ ಹೆಸರಿನಿಂದ ಕರೆದರೆ ಆ ಮಗುವಿಗೆ ಹೇಗಿರುತ್ತದೆ?

ಎರಡು. ಶಾಲಾ ಮಕ್ಕಳನ್ನು ಹೆದ್ದಾರಿಗೆ ಕರೆತರಬಾರದು. ಅವರು ತಮ್ಮ ಶಾಲೆಯ ಆವರಣದಲ್ಲೇ ನಮ್ಮನ್ನು ಬರಮಾಡಿಕೊಳ್ಳಲಿ.

ಮೂರು. ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಮುಟ್ಟಬಾರದು. ಅವತ್ತಿನ ಹಣ ಮಾರನೇ ದಿನ ಬ್ಯಾಂಕಿಗೆ ಹೋಗಬೇಕು. ನಡೆಯುವವರ ಊಟ, ಬ್ಯಾನರಿನ ಖರ್ಚು ಇದರಿಂದ ತೆಗೆಯುವಂತಿಲ್ಲ. ಪೂರ್ತಿ ಲೆಕ್ಕವನ್ನು ಮಾರ್ಚ್ ತಿಂಗಳ ಒಕ್ಕೂಟದ ಸಭೆಯಲ್ಲಿ ಓದಬೇಕು.

ನಾಲ್ಕು. ಹಣ ಕೊಡುವಾಗ ಜಾತಿ, ಮತ, ಪಕ್ಷ ಕೇಳುವಂತಿಲ್ಲ. ಚಿಕಿತ್ಸೆಯಲ್ಲಿರುವ ಮಗು, ಕಷ್ಟದಲ್ಲಿರುವ ಮನೆ, ಇಷ್ಟೇ ಅರ್ಹತೆ.

ನಡಿಗೆ ಮುಗಿದ ಮೇಲೆ

ಫೆಬ್ರವರಿ 16ಕ್ಕೆ ನಮ್ಮ ಕೆಲಸ ಮುಗಿಯುವುದಿಲ್ಲ, ನಿಜವಾದ ಕೆಲಸ ಆಗ ಶುರು. ಒಂದೊಂದು ಮಗುವಿಗೆ ಸಂಘದ ಇಬ್ಬರು ಅಕ್ಕಂದಿರು "ಜೊತೆಗಾರ್ತಿ" ಆಗಬೇಕು. ಮುಂದಿನ ತಾರೀಕು ಯಾವುದು ಎಂದು ಚೀಟಿ ನೋಡಿ ಬರೆದಿಟ್ಟುಕೊಳ್ಳುವುದು, ಹಿಂದಿನ ದಿನ ಹೋಗಿ ನೆನಪಿಸುವುದು, ಅವರು ಬೆಂಗಳೂರಿಗೆ ಹೋದ ದಿನ ಹಸು ಹಾಲು ಕರೆಯುವುದು, ಹುಳುವಿಗೆ ಸೊಪ್ಪು ಹಾಕುವುದು, ಉಳಿದ ಮಕ್ಕಳಿಗೆ ಊಟ ಹಾಕುವುದು. ಇದಕ್ಕೆ ದುಡ್ಡೇ ಬೇಡ. ಒಂದು ತಾರೀಕು ತಪ್ಪಿದರೆ ಅದೇ ದಿನ ಮನೆಗೆ ಹೋಗಿ ವಿಚಾರಿಸಬೇಕು, ಬೈಯಬಾರದು. ಏನು ಅಡ್ಡಿಯಾಯಿತು ಎಂದು ಕೇಳಿ, ಆ ಅಡ್ಡಿ ತೆಗೆಯಬೇಕು.

ಚಿಂತಾಮಣಿ ಕಡೆಯ ಒಬ್ಬ ಹುಡುಗಿಯ ಮನೆಗೆ ಅಕ್ಕಪಕ್ಕದವರು ಹೀಗೇ ನಿಂತರು. ಟೊಮೆಟೊ ಕೊಯ್ಲಿನ ಕಾಲದಲ್ಲೂ ಒಂದು ತಾರೀಕು ತಪ್ಪಲಿಲ್ಲ. ಚಿಕಿತ್ಸೆ ಮುಗಿದು ವರ್ಷಗಳಾದವು, ಈಗ ಕಾಲೇಜಿಗೆ ಹೋಗುತ್ತಿದ್ದಾಳೆ. ಶಿಡ್ಲಘಟ್ಟದ ಆ ಮಗುವಿಗೂ ಇವಳಿಗೂ ಬಂದದ್ದು ಒಂದೇ ಕಾಯಿಲೆ.

ಹೆಸರು ಕೊಡುವವರು ಇವತ್ತೇ ನಿಮ್ಮ ತಾಲ್ಲೂಕಿನ ಸಂಯೋಜಕಿಯರ ಹತ್ತಿರ ಬರೆಸಿ. ನಡೆಯಲು ಆಗದವರು ಜೊತೆಗಾರ್ತಿಯ ಪಟ್ಟಿಯಲ್ಲಿ ಬರೆಸಿ. ಎರಡರಲ್ಲಿ ಒಂದೇ ಮಾಡಲು ಸಾಧ್ಯ ಅನ್ನುವವರು ಎರಡನೆಯದನ್ನೇ ಆರಿಸಿಕೊಳ್ಳಿ ಎಂದು ನಮ್ಮ ಕೋರಿಕೆ.

 ಊಟ ಸಿದ್ಧವಾಗಿದೆ, ಎಲ್ಲರೂ ಊಟ ಮಾಡಿಕೊಂಡೇ ಹೋಗಬೇಕು.